ನಲವತ್ತೆರಡು ಇಂಚಿನ ಅನ್ಯಗ್ರಹದವನು

ನಾನು ಎಷ್ಟು ಹುಷಾರಾಗಿ ಬದುಕಲು ನೋಡಿದೆನೋ ಅಷ್ಟೂ ಫಜೀತಿಗಳು ನನ್ನ ಮನೆಯ ವಿಳಾಸ ಕೇಳಿಕೊಂಡು ಬಂದಿವೆ. ಕಿಸೆಯಲ್ಲಿ ಟಿಕೆಟ್ ಇದ್ದರೂ ಬಸ್ಸಿಗೆ ಚೆಕಿಂಗ್‌ನವನು ಹತ್ತಿದರೆ ಬೆವರುವವನು ನಾನು. ಅಂಥವನಿಗೇ ಇಂಥವು ಯಾಕೆ ಆಗುತ್ತವೋ ದೇವರಿಗೇ ಗೊತ್ತು.

ಆಗ ಪುಣೆಯ ಖಡಕಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನಕಾಶೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದೆ. ಯಾವ ಕಾರ್ಖಾನೆ, ಅಲ್ಲಿ ಏನು ತಯಾರಾಗುತ್ತಿತ್ತು ಎಂದು ಕೇಳಬೇಡಿ. ನಿವೃತ್ತನಾಗಿ ಇಷ್ಟು ವರ್ಷವಾದರೂ ಹೇಳಲು ಹೆದರಿಕೆ. ನನ್ನ ಪಾಲಿಗೆ ಬರುತ್ತಿದ್ದದ್ದು ಬೋಲ್ಟು, ನಟ್ಟು, ಪಿನ್ನು. ಹದಿನೆಂಟು ವರ್ಷ ಅವನ್ನೇ ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ಬರೆದೆ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ನಮ್ಮ ಧಾರವಾಡ ಕಡೆಯ ಒಬ್ಬ ತರುಣ ಮನೆಗೆ ಬಂದ. ಪುಣೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು.

“ಸರ, ನಾ ಒಂದ ಸೈನ್ಸ್ ಫಿಕ್ಷನ್ ಪಿಚ್ಚರ್ ತಗಿಯಾಕತ್ತೀನ್ರಿ. ಕ್ಯಾಮರಾ ಅದ, ಮದವಿ ಶೂಟಿಂಗದ್ದು. ಕಥಿ ಅದ. ಆದ್ರ ಅನ್ಯಗ್ರಹ ಹೆಂಗಿರ್ತದ ಅಂತ ನಮ್ಮ ಹುಡುಗರಿಗೆ ಯಾರಿಗೂ ಗೊತ್ತಿಲ್ಲ. ನೀವು ಬರದ ಕೊಡ್ರಿ. ಪೋಸ್ಟರೂ ನೀವೇ ಮಾಡ್ರಿ.”

ಸರ್ಕಾರಿ ನೌಕರ ಅನುಮತಿಯಿಲ್ಲದೆ ಹೊರಗಿನ ಕೆಲಸ ಮಾಡುವಂತಿಲ್ಲ. ಅನುಮತಿ ಕೇಳಿದರೆ ಅರ್ಜಿ ಸೆಕ್ಯುರಿಟಿ ಸಾಹೇಬರ ಮೇಜಿಗೆ ಹೋಗುತ್ತದೆ, ಅವರ ಮುಂದೆ ನಿಂತರೆ ನನ್ನ ನಾಲಿಗೆ ಒಣಗುತ್ತದೆ. ಕದ್ದು ಮಾಡಿ ಸಿಕ್ಕಿಬಿದ್ದರೆ ನೌಕರಿ ಹೋಗುತ್ತದೆ, ನೌಕರಿಯ ಜೊತೆ ಕ್ವಾರ್ಟರ್ಸೂ ಹೋಗುತ್ತದೆ. ಹತ್ತನೇ ಇಯತ್ತೆಗೆ ಕಾಲಿಡುವ ಮಗಳನ್ನೂ ಹೆಂಡತಿಯನ್ನೂ ಕರೆದುಕೊಂಡು ಎಲ್ಲಿ ಹೋಗಲಿ? ಇಷ್ಟೆಲ್ಲ ಯೋಚಿಸಿ ‘ಆಗುವುದಿಲ್ಲ’ ಎನ್ನಲು ಬಾಯಿ ತೆರೆದೆ. ‘ಬರೆದು ಕೊಡುತ್ತೇನೆ’ ಎಂದು ಬಂತು. ಎಲ್ಲಿಯೂ ಇಲ್ಲದ ವಸ್ತುವೊಂದನ್ನು ಬರೆ ಎಂದು ಹದಿನೆಂಟು ವರ್ಷದಲ್ಲಿ ಮೊದಲ ಸಲ ಒಬ್ಬರು ಕೇಳಿದ್ದರು. ನನಗೆ ಆಸೆಯಾಯಿತು, ಅಷ್ಟೇ.

ಹಡಗಿನ ತಿರುಪು

ಸೆಕ್ಯುರಿಟಿ ಸಾಹೇಬರ ಬಗ್ಗೆ ಮೊದಲೇ ಹೇಳಬೇಕು. ದಪ್ಪ ಮೀಸೆ, ದಪ್ಪ ಬೆಲ್ಟು, ಮಾತು ಮರಾಠಿ, ಅದೂ ಅಳೆದು ಸುರಿದಂತೆ. ಕಾರ್ಖಾನೆಯಿಂದ ಹೊರಗೆ ಹೋಗುವ ಪ್ರತಿಯೊಂದು ಕಾಗದದ ಮೇಲೂ ಅವರ ಶಿಕ್ಕಾ, ಅಂದರೆ ಮೊಹರು, ಬೀಳಬೇಕು, ಕೆಳಗೆ ಸಹಿಯಾಗಬೇಕು. ಶಿಕ್ಕಾದಲ್ಲಿ ಅವರ ಪೂರ್ತಿ ಹೆಸರು, ಹುದ್ದೆ. ಕಾಗದವನ್ನು ಅವರು ನೋಡುತ್ತಲೇ ಇರಲಿಲ್ಲ. ಕೈ ತಾನಾಗಿ ಹೋಗಿ ಠಪ್ ಎಂದು ಹೊಡೆದು ಸಹಿ ಗೀಚುತ್ತಿತ್ತು, ಕಣ್ಣು ಮಾತ್ರ ನಮ್ಮ ಮುಖದ ಮೇಲೆ. ಕಾಗದಕ್ಕಿಂತ ಮುಖ ಓದುವುದರಲ್ಲಿ ಅವರಿಗೆ ನಂಬಿಕೆ. ಅವರು ನಮ್ಮಲ್ಲಿಗೆ ಬಂದಾಗಿನಿಂದ ಎಂಟು ವರ್ಷ ದಿನಾ ಸಂಜೆ ಐದಕ್ಕೆ ನನ್ನ ಮುಖ ಓದಿಸಿಕೊಂಡಿದ್ದೆ.

ಒಂದು ದಿನ ಬೆಳಿಗ್ಗೆ ಕಾರ್ಖಾನೆಯ ನನ್ನ ಮೇಜಿನ ಮೇಲೆ ನಕಾಶೆಯ ಕೊಳವೆ ಬಿಚ್ಚಿದೆ. ಹೊರಬಂದದ್ದು ಅಂತರಿಕ್ಷದ ಹಡಗು! ಮನೆಯಲ್ಲಿ ರವಿವಾರ ಬರೆದದ್ದನ್ನು ತಪ್ಪಿ ತಂದುಬಿಟ್ಟಿದ್ದೆ. ಅದೂ ಹೇಗೆ ಬರೆದಿದ್ದೆ ಎಂದರೆ, ಮೂರು ಕಡೆಯಿಂದ, ಅಳತೆಗಳೆಲ್ಲ ಮಿಲಿಮೀಟರಿನಲ್ಲಿ. ನನಗೆ ಬೇರೆ ಥರ ಬರುವುದಿಲ್ಲ. ಒಳಗೆ ತರುವಾಗ ಯಾರೂ ಕೇಳಲಿಲ್ಲ, ಹೊರಗೆ ಒಯ್ಯುವುದು ಹೇಗೆ? ಹರಿದು ಹಾಕೋಣವೆಂದರೆ ಕಸದ ಬುಟ್ಟಿಯನ್ನೂ ತಪಾಸಣೆ ಮಾಡುತ್ತಾರೆ. ಹಳೆಯ ಕಪಾಟಿನ ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿ, ಎಲ್ಲ ಕಾಗದಗಳ ಅಡಿಗೆ ತುರುಕಿದೆ.

ಮೂರನೇ ದಿನಕ್ಕೆ ಮೇಲಿನಿಂದ ಯಾರೋ ಬರುತ್ತಾರೆಂದು ಕಪಾಟು ಸ್ವಚ್ಛ ಮಾಡುವ ಹುಕುಂ ಬಂತು. ಗುಮಾಸ್ತರೊಬ್ಬರು ಹಡಗನ್ನು ಹೊರಗೆಳೆದು, ನಂಬರು ಬಿದ್ದಿಲ್ಲವಲ್ಲ ಎಂದು ನಂಬರು ಹಾಕಿ, ಹೆಡ್ ಡ್ರಾಫ್ಟ್ಸ್‌ಮನ್ನರಿಗೆ ಕಳಿಸಿದರು. ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೇ ದಿನ ನಕಾಶೆ ನನ್ನ ಮೇಜಿಗೇ ವಾಪಸು ಬಂತು, ಮೇಲೆ ಕೆಂಪು ಪೆನ್ಸಿಲ್ಲಿನ ಶರಾ. ಒಂದು ಕಣ್ಣು ಮುಚ್ಚಿಕೊಂಡು ಓದಿದೆ. “ಬಾಗಿಲಿನ ತಿರುಪಿನ ಅಳತೆ ಬರೆದಿಲ್ಲ. ಯಾವ ಲೋಹ?”

ಪೆನ್ಸಿಲ್ ಚೂಪು ಮಾಡಿಕೊಂಡೆ. ಆಮೇಲೆ ‘ಹನ್ನೆರಡು ಮಿಲಿಮೀಟರ್, ಮೈಲ್ಡ್ ಸ್ಟೀಲ್’ ಎಂದು ಬರೆದು ಕಳಿಸಿದೆ. ಪಾಸಾಯಿತು. ಆ ಹಡಗು ಇವತ್ತಿಗೂ ಅಲ್ಲೇ ಇದೆ, ಯಾರಾದರೂ ಕಟ್ಟಲು ತೆಗೆದುಕೊಳ್ಳದಿದ್ದರೆ.

ಗೌಂಡಿಯ ನಿಷ್ಠೆ

ಆ ತರುಣನೇ ಪಿಚ್ಚರಿನ ನಿರ್ದೇಶಕ, ಅವನ ಸೋದರಮಾವ ಪುಣೆಯ ಕೊಂಢವಾದಲ್ಲಿ ಕಟ್ಟಡ ಕಟ್ಟಿಸುತ್ತಿದ್ದರು. ಗೋಡೆ ಇನ್ನೂ ಏಳದ ಅದರ ಮೂರನೇ ಮಹಡಿಯೇ ನಮ್ಮ ಅನ್ಯಗ್ರಹ. ರವಿವಾರ ಕೆಲಸಗಾರರು ಇರದಾಗ ಶೂಟಿಂಗ್. ನಾನು ಗುರುತು ಸಿಗಬಾರದೆಂದು ಮಂಕಿ ಕ್ಯಾಪು, ಕಪ್ಪು ಕನ್ನಡಕ ಹಾಕಿಕೊಂಡು ಹೋಗುತ್ತಿದ್ದೆ. ಮೇ ತಿಂಗಳು.

ಆ ಗ್ರಹಕ್ಕೆ ಒಂದು ಹೆಬ್ಬಾಗಿಲು ಬರೆದಿದ್ದೆ. ಕೆಳಗೆ ಕಿರಿದು, ಮೇಲೆ ಅಗಲ, ತುದಿಗೆ ಮೂರು ಕೊಂಬು. ಥರ್ಮೋಕೋಲಿನಲ್ಲಿ ಮಾಡಿಸಬೇಕೆಂದು ಮಾತಾಗಿತ್ತು. ಆ ನಕಾಶೆಯನ್ನು ಸಿಮೆಂಟ್ ಚೀಲದ ಮೇಲೆ ಮರೆತು ಬಂದೆ. ಮುಂದಿನ ರವಿವಾರ ಮೆಟ್ಟಿಲು ಹತ್ತಿ ನೋಡಿದರೆ, ನನ್ನ ಹೆಬ್ಬಾಗಿಲು ಇಟ್ಟಿಗೆಯಲ್ಲಿ ಎದ್ದು ನಿಂತಿದೆ, ಸಿಮೆಂಟಿನ ಗಿಲಾಯಿ ಸಮೇತ! ನಾನು ಬರೆದದ್ದೊಂದು ನನ್ನ ಕಣ್ಣೆದುರು ನಿಂತದ್ದು ಅದೇ ಮೊದಲು. ಸಂತೋಷದಿಂದ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕೆಳಗಿನಿಂದ ಸೋದರಮಾವನ ಕೂಗು.

“ಯಾವ ಇಂಜಿನಿಯರನ ನಕಾಶಿ ಅದು? ಕರ್ಕೊಂಡ ಬರ್ರಿ ಅವನ್ನ! ಪೊಲೀಸರಿಗೆ ಕೊಡ್ತೀನಿ!”

ಪೊಲೀಸ್ ಎಂಬ ಶಬ್ದ ಕೇಳಿದ್ದೇ ನಾನು ನೀರಿನ ಡ್ರಮ್ಮಿನ ಹಿಂದೆ ಕೂತೆ. ಅದನ್ನು ಕಟ್ಟಿದ ಗೌಂಡಿ ಪಗಾರಿಗೆಂದು ಬಂದಿದ್ದ, ಅವನು ಮಾತ್ರ ಜಗ್ಗಲಿಲ್ಲ. ಇಷ್ಟು ಸ್ವಚ್ಛ ನಕಾಶೆ ಈ ಸೈಟಿಗೆ ಇವತ್ತಿನವರೆಗೆ ಬಂದೇ ಇಲ್ಲ, ಅದಕ್ಕೇ ಮೊದಲು ಅದನ್ನೇ ಕಟ್ಟಿದೆ ಎಂದ. ಮಾವ ಒಡೆಯಲು ಸುತ್ತಿಗೆ ಕೇಳುವಷ್ಟರಲ್ಲಿ ಫ್ಲ್ಯಾಟ್ ನೋಡಲು ನಮ್ಮ ಕಡೆಯ ಒಂದು ಕುಟುಂಬ ಮೇಲೆ ಬಂತು. ಅಜ್ಜಿಯೊಬ್ಬರು ಹೆಬ್ಬಾಗಿಲ ಮುಂದೆ ನಿಂತು, “ಇದು ದೇವರ ಮನಿ ಏನ್ರಿ?” ಎಂದು ಕೇಳಿದರು.

“ಹೌದ್ರಿ,” ಎಂದರು ಮಾವ, ರೆಪ್ಪೆ ಹೊಡೆಯದೆ.

ಅದೇ ಫ್ಲ್ಯಾಟು ಮೊದಲು ಮಾರಾಟವಾಯಿತು. ಅವರ ಮನೆಯಲ್ಲಿ ಈಗಲೂ ದಿನಾ ಸಂಜೆ ಅನ್ಯಗ್ರಹಕ್ಕೆ ದೀಪ ಹಚ್ಚುತ್ತಿರಬೇಕು.

ಟೇಪು

ಅನ್ಯಗ್ರಹದವನ ಉಡುಪಿಗೂ ಪೋಸ್ಟರಿಗೂ ಅಳತೆ ಬೇಕಾಗಿತ್ತು, ಅದೇ ಮಂಕಿ ಕ್ಯಾಪು, ಕನ್ನಡಕದಲ್ಲಿ ನಿರ್ದೇಶಕನ ಮನೆಗೆ ಹೋದೆ. ಆ ಪಾತ್ರದ ನಟ ಸ್ಕೂಟರಿನ ಮೇಲೆ ಮುಖ ಮುಚ್ಚುವ ಹೆಲ್ಮೆಟ್ ಹಾಕಿಕೊಂಡು ಬಂದ. ಹಾಗೆಯೇ ಒಂದು ಕೋಣೆಗೆ ಹೋಗಿ ಹಸಿರು ರಬ್ಬರಿನ ಮುಖವಾಡದಲ್ಲಿ ಹೊರಬಂದ. ನಿರ್ದೇಶಕ ನನ್ನ ಕಿವಿಯಲ್ಲಿ, “ಅವರು ಯಾರಂತ ಕೇಳಬ್ಯಾಡ್ರಿ. ನೀವು ಯಾರಂತ ಅವರಿಗೂ ಹೇಳಿಲ್ಲ,” ಎಂದ. ಭಾಳ ದೊಡ್ಡ ನಟನಿರಬೇಕು ಎಂದುಕೊಂಡೆ.

ನಾನು ಟೇಪು ತೆಗೆದದ್ದೇ ತಡ, ಅವನು ಎರಡೂ ಕೈ ಚಾಚಿ, ಕಾಲು ಅಗಲಿಸಿ, ಅಲುಗಾಡದೆ ನಿಂತ. ನಟರ ಶಿಸ್ತು ನೋಡಿ ಮೆಚ್ಚಿಕೊಂಡೆ. ಸೊಂಟಕ್ಕೆ ಟೇಪು ಸುತ್ತಿದರೆ ಉಸಿರು ಎಳೆದು ಹಿಡಿದ. ಅಲುಗಾಡುವ ವಸ್ತುವನ್ನು ಅಳೆಯಬಾರದು ಎಂದು ನಮ್ಮ ಕೆಲಸದಲ್ಲಿ ಕಲಿಸಿದ್ದಾರೆ, ಕಾದೆ. ಕೊನೆಗೆ ಉಸಿರು ಬಿಟ್ಟ. “ನಲವತ್ತೆರಡು,” ಎಂದೆ. ಮುಖವಾಡ ಇಲ್ಲ ಇಲ್ಲವೆಂದು ತಲೆಯಾಡಿಸಿತು. ಇನ್ನೊಮ್ಮೆ ಅಳೆದೆ, ನಲವತ್ತೆರಡೇ.

“ಅನ್ಯಗ್ರಹದವರು ತೆಳ್ಳಗಿರ್ತಾರ್ರಿ ಸರ, ಮೂವತ್ನಾಲ್ಕ ಬರೀರಿ,” ಎಂದ ನಿರ್ದೇಶಕ.

“ಇಲ್ಲದ ಅಳತಿ ನಾ ಬರಿಯಂಗಿಲ್ಲ,” ಎಂದೆ. ನಾನು ಧೈರ್ಯದಿಂದ ಮಾತಾಡಿದ್ದು ಜೀವನದಲ್ಲಿ ಅದೊಂದೇ ಸಲ.

ಆಮೇಲೆ ಬಿಸಿ ಬಿಸಿ ಅವಲಕ್ಕಿ ಬಂತು. ಇಬ್ಬರಿಗೂ ಒಂದೊಂದು ಪ್ಲೇಟು. ಅವನು ಮುಖವಾಡ ತೆಗೆಯಲಿ ಎಂದು ನಾನು ಕಾದೆ, ನಾನು ಮಂಕಿ ಕ್ಯಾಪು ತೆಗೆಯಲಿ ಎಂದು ಅವನು ಕಾದ. ನಿರ್ದೇಶಕ ಎರಡೂ ಪ್ಲೇಟು ತಾನೇ ಮುಗಿಸಿದ.

ಹೆದರಿದ ಹೆಂಗಸು

ಪೋಸ್ಟರಿನಲ್ಲಿ ಹಿಂದೆ ಹೆಬ್ಬಾಗಿಲು, ನಡುವೆ ಅನ್ಯಗ್ರಹದವನು, ಮುಂದೆ ಅವನನ್ನು ಕಂಡು ಹೆದರಿದ ಒಬ್ಬ ಹೆಂಗಸಿನ ದೊಡ್ಡ ಮುಖ. ಹೆಂಡತಿಯನ್ನು ಕೂರಿಸಿಕೊಂಡೆ. ಹೆದರು ಎಂದರೆ ಅವಳಿಗೆ ನಗು.

“ನಿಮ್ಮ ಎದುರಿಗೆ ಕೂತು ಹೆಂಗ್ರಿ ಹೆದರ್ಲಿ?” ಎಂದು ಎದ್ದು ಹೋದಳು.

ಬೇರೆ ದಾರಿಯಿಲ್ಲದೆ ಕನ್ನಡಿ ಮುಂದಿಟ್ಟುಕೊಂಡೆ. ಸಂಜೆ ಐದು ಗಂಟೆ, ಗೇಟು, ಸಾಹೇಬರ ಕಣ್ಣು ನೆನೆಸಿಕೊಂಡೆ. ಕನ್ನಡಿಯಲ್ಲಿ ಬಂದ ಮುಖವನ್ನು ಇದ್ದದ್ದು ಇದ್ದಹಾಗೆ ಬರೆದು, ಮೇಲೆ ಉದ್ದ ಕೂದಲು, ಕುಂಕುಮ, ಸೆರಗು ಸೇರಿಸಿದೆ. ನಿರ್ದೇಶಕನಿಗೆ ಹಿಗ್ಗೋ ಹಿಗ್ಗು. ಐವತ್ತು ಪ್ರತಿ ಅಚ್ಚು ಹಾಕಿಸಿ, ಊರೆಲ್ಲ ಹಚ್ಚಿದ. ಒಂದನ್ನು ಮಾತ್ರ ನಮ್ಮ ಕಾರ್ಖಾನೆಯ ಗೇಟಿನ ಎದುರು, ವಡಾಪಾವ್ ಅಂಗಡಿಯ ಗೋಡೆಗೇ ಹಚ್ಚಬೇಕೇ?

ಸೋಮವಾರ ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ನನ್ನನ್ನು ವಡಾಪಾವ್ ತಿನ್ನಲು ಕರೆದುಕೊಂಡು ಹೋದರು. ಪೋಸ್ಟರ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪೋಸ್ಟರ್ ನೋಡಿದರು. ನಾನು ವಡಾಪಾವ್ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ.

“ನಿಮಗೆ ತಂಗಿ ಇದ್ದಾಳೇನು?”

“ಇಲ್ಲ, ಇಲ್ಲ, ಯಾರೂ ಇಲ್ಲ!”

“ಇದ್ದಿದ್ದರೆ ಚೆನ್ನಾಗಿತ್ತು,” ಎಂದರು ನಿಟ್ಟುಸಿರು ಬಿಟ್ಟು. “ನಮ್ಮ ತಮ್ಮನಿಗೆ ಇಂಥದೇ ಭಯಭಕ್ತಿಯ ಹುಡುಗಿ ನೋಡುತ್ತಿದ್ದೇವೆ.”

ಶಿಕ್ಕಾ

ಮಂಗಳವಾರ ಹನ್ನೊಂದಕ್ಕೆ ಜವಾನ ಬಂದು, ಸೆಕ್ಯುರಿಟಿ ಸಾಹೇಬರು ಕರೆಯುತ್ತಿದ್ದಾರೆ ಎಂದ. ನನ್ನ ಮೇಜಿನಿಂದ ಅವರ ಕೋಣೆಗೆ ಎರಡು ನಿಮಿಷದ ದಾರಿ. ಅಷ್ಟರಲ್ಲಿ ಕ್ವಾರ್ಟರ್ಸ್ ಖಾಲಿ ಮಾಡಿ, ಸಾಮಾನು ಟೆಂಪೋಕ್ಕೆ ಏರಿಸಿ, ಮಗಳ ಶಾಲೆ ಬಿಡಿಸಿ ಆಗಿತ್ತು ನನ್ನ ಮನಸ್ಸಿನಲ್ಲಿ. ಒಳಗೆ ಹೋದೆ. ಸಾಹೇಬರು ಎದ್ದು ಬಾಗಿಲು ಹಾಕಿದರು. ಮೇಜಿನ ಮೇಲೆ ಪೋಸ್ಟರ್, ಅಂಚಿಗೆ ಗೋಡೆಯ ಸುಣ್ಣ ಇನ್ನೂ ಅಂಟಿಕೊಂಡಿದೆ.

“ಹೇ ಕೋಣೀ ಕಾಢಲಂ?” ಇದನ್ನು ಬರೆದವರು ಯಾರು ಎಂದು.

ಅವರ ಬೆರಳು ಹೆಂಗಸಿನ ಮುಖದ ಮೇಲೆ ಬಂತು. ಈ ಹೆಂಗಸು ಎಂಟು ವರ್ಷದಿಂದ ದಿನಾ ಸಂಜೆ ಐದಕ್ಕೆ ನನ್ನ ಗೇಟು ದಾಟುತ್ತಾಳೆ ಎಂದರು, ಮರಾಠಿಯಲ್ಲಿ, ಮೆಲ್ಲಗೆ.

ಕೈ ಮುಗಿದು ಎಲ್ಲ ಒಪ್ಪಿಕೊಂಡೆ. ಕೇಳದಿದ್ದದ್ದನ್ನೂ ಹೇಳಿದೆ, ಕಪಾಟಿನ ಹಡಗು, ಕೊಂಢವಾದ ದೇವರ ಮನೆ, ಎಲ್ಲ. ನೌಕರಿಯಿಂದ ತೆಗೆಯಬೇಡಿ, ಮಗಳ ಪರೀಕ್ಷೆ ಇದೆ ಎಂದು ಅತ್ತೇಬಿಟ್ಟೆ. ಸಾಹೇಬರು ಅಳಲು ಬಿಟ್ಟರು. ಆಮೇಲೆ ಅವರ ಬೆರಳು ಮೆಲ್ಲಗೆ ಅನ್ಯಗ್ರಹದವನ ಮೇಲೆ ಸರಿಯಿತು.

“ಇವನ ಹೊಟ್ಟೆ ಇಷ್ಟು ದೊಡ್ಡದು ಯಾಕೆ?”

ಪ್ರಾಣ ಹೋಗುವಾಗಲೂ ಚಟ ಹೋಗಲಿಲ್ಲ. “ಅಳತೆ ತೆಗೆದುಕೊಂಡೇ ಬರೆದಿದ್ದೇನೆ ಸಾಹೇಬ್,” ಎಂದೆ ಮೂಗು ಒರೆಸಿಕೊಳ್ಳುತ್ತ. “ನಲವತ್ತೆರಡು ಇಂಚು. ಎರಡು ಸಲ ಅಳೆದೆ.”

ಸಾಹೇಬರು ಕಿಟಕಿಯ ಕಡೆ ನೋಡಿದರು. ಆಮೇಲೆ, ಎಂಟು ವರ್ಷದಲ್ಲಿ ಮೊದಲ ಸಲ, ಅಚ್ಚ ಬೆಳಗಾವಿ ಕನ್ನಡದಲ್ಲಿ ಹೇಳಿದರು.

“ನಲವತ್ತ. ಅವತ್ತ ನಾ ಉಂಡು ಬಂದಿದ್ದೆ.”

ನಾನು ಬೆಲ್ಟು ನೋಡಿದೆ, ಪೋಸ್ಟರ್ ನೋಡಿದೆ, ಮತ್ತೆ ಬೆಲ್ಟು ನೋಡಿದೆ.

“ಸಣ್ಣಾಂವ ಇದ್ದಾಗಿಂದ ನಾಟಕದ ಹುಚ್ಚರಿ,” ಎಂದರು ಸಾಹೇಬರು, ಧ್ವನಿ ಇನ್ನೂ ಇಳಿಸಿ. “ಪರವಾನಗಿ ಕೇಳಾಕ ನನಗೂ ಹೆದರಿಕಿ. ನಿನ್ನೆ ನಮ್ಮ ಮನಿಯಾಕಿ ಅಂಗಡಿ ಮುಂದ ಹಾದು ಹೋಗೂವಾಗ ಹೊಟ್ಟಿ ನೋಡೇ ಗುರುತ ಹಿಡದಾಳ. ನಾಳೆ ಮ್ಯಾಲಿನವರು ಹಿಡೀತಾರ. ಮೂವತ್ತಾರ ಮಾಡಿ ಕೊಡ್ರಿ. ನಿಮ್ಮ ಕೈ ಮುಗಿತೀನಿ.”

ಅಲ್ಲೇ ಕೂತು ಕಪ್ಪು ಶಾಯಿ ಬಳಿದು ಎರಡೂ ಕಡೆಯಿಂದ ಹೊಟ್ಟೆ ಕಡಿಮೆ ಮಾಡಿದೆ. ಇಲ್ಲದ ಅಳತೆ ಜೀವನದಲ್ಲಿ ಮೊದಲ ಸಲ ಬರೆದೆ, ಸ್ವಲ್ಪವೂ ಬೇಸರವಾಗಲಿಲ್ಲ. ಇದನ್ನು ಇವತ್ತೇ ನಿರ್ದೇಶಕನಿಗೆ ಒಯ್ದು ಕೊಡುತ್ತೇನೆ, ಉಳಿದ ನಲವತ್ತೊಂಬತ್ತನ್ನೂ ಹೀಗೇ ತಿದ್ದಿಸೋಣ ಎಂದೆ. ಸಾಹೇಬರ ಕಣ್ಣಲ್ಲಿ ನೀರು ಬಂತು. ನನ್ನ ಮುಖವನ್ನೇ ನೋಡುತ್ತ ನಿಂತರು. ಕಾಗದ ಗೇಟಿನಿಂದ ಹೊರಗೆ ಹೋಗಬೇಕಲ್ಲ, ಅವರ ಕೈ ತಾನಾಗಿ ಮೇಜಿನ ಮೂಲೆಗೆ ಹೋಯಿತು.

ಠಪ್.

ಸಹಿಯೂ ಆಯಿತು. ಇಬ್ಬರೂ ಕೆಳಗೆ ನೋಡಿದೆವು. ಅನ್ಯಗ್ರಹದವನ ಹೊಟ್ಟೆಯ ನಟ್ಟನಡುವೆ, ನೇರಳೆ ಶಾಯಿಯಲ್ಲಿ, ಸಾಹೇಬರ ಪೂರ್ತಿ ಹೆಸರು, ಹುದ್ದೆ, ಸಹಿ.

ನಾನು ತಲೆಯೆತ್ತಿದೆ. ಎದುರಿಗೆ ನನ್ನ ಪೋಸ್ಟರಿನ ಹೆಂಗಸು ನಿಂತಿದ್ದಳು, ಮೀಸೆ ಸಮೇತ.