ಬಾಗಿಲು ಕಂಡಲ್ಲಿ ನಿಲ್ಲುವ ಕುದುರೆ

ಗೋಕಾಕದ ನಮ್ಮ ಓಣಿಯ ಜನ ಇವತ್ತಿಗೂ ಒಂದು ಮಾತು ಹೇಳುತ್ತಾರೆ: ನಮ್ಮಣ್ಣ ಕುದುರೆಯ ಮೇಲೆ ಕೂತದ್ದಕ್ಕಿಂತ ಕುದುರೆಯೇ ನಮ್ಮಣ್ಣನ ಮೇಲೆ ಕೂತದ್ದು ಹೆಚ್ಚು ಎಂದು. ಇದು ಶುದ್ಧ ಸುಳ್ಳು! ಕುದುರೆ ಕೂತದ್ದು ಒಂದೇ ಸಲ. ಅದೂ ಅವನ ಧೋತರದ ಮೇಲೆ. ಆ ಹೊತ್ತಿಗೆ ಧೋತರದೊಳಗೆ ಅವನಿದ್ದ, ಅಷ್ಟೇ.

ನಮ್ಮಣ್ಣನ ಸಂಶಯದ ಬಗ್ಗೆ ಮೊದಲು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಹಾಲಿನವಳ ಮೇಲೆ ಸಂಶಯ ಎಲ್ಲರಿಗೂ ಇರುತ್ತದೆ. ನಮ್ಮಣ್ಣನಿಗೆ ಅವಳ ಎಮ್ಮೆಯ ಮೇಲೂ ಇತ್ತು. ಬೆಳಗಿನಲ್ಲಿ ಗಿರಣಿಯ ಭೋಂಗಾ ಕೂಗಿದರೆ ಹೊರಗೆ ಬಂದು ಸೂರ್ಯನನ್ನು ನೋಡುತ್ತಿದ್ದ. ಎರಡಕ್ಕೂ ತಾಳೆ ಬೀಳದಿದ್ದರೆ ಸಿಟ್ಟು. ತಾಳೆ ಬಿದ್ದರೆ ಇನ್ನೂ ಸಿಟ್ಟು. "ಇಬ್ರೂ ಒಂದಾಗ್ಯಾರ" ಎನ್ನುತ್ತಿದ್ದ. ಒಂದು ಹುಣ್ಣಿಮೆಗೆ ಅಂಗಳದಲ್ಲಿ ನಿಂತು ಚಂದ್ರನನ್ನು ಬಹಳ ಹೊತ್ತು ನೋಡಿ, "ಹ್ವಾದ ತಿಂಗಳಕಿಂತ ಸಣ್ಣದಾಗೈತಿ. ಯಾರೋ ಒಳಗಿಂದೊಳಗ ಕೆತ್ತಾಕತ್ತಾರ" ಎಂದಿದ್ದ.

ಕೆತ್ತುವುದು ಅವನ ಕಸುಬು. ನಮ್ಮದು ಗೊಂಬೆ ಮಾಡುವ ಮನೆ. ಅಣ್ಣ ಕಟ್ಟಿಗೆ ಕೆತ್ತುವವನು, ನಾನು ಬಣ್ಣ ಹಚ್ಚುವವನು, ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಹುಣಸೆ ಬೀಜ ಅರೆದು ಅಂಟು ಕಾಯಿಸುವವಳು. ನಾನು ತೊಟ್ಟಿಲಲ್ಲಿದ್ದಾಗ ಈ ಮನೆಗೆ ಬಂದು, ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳೂ ಅವಳೇ. ನಾನು ಕನ್ನಡ ನಾಲ್ಕನೆಯ ಇಯತ್ತೆಯಲ್ಲಿ ಸಾಲಿ ಬಿಟ್ಟಾಗ ಅಣ್ಣ ಮಾಸ್ತರರ ಮೇಲೆ ಸಂಶಯಪಟ್ಟ. ವೈನಿ ಮಾತ್ರ ನನ್ನ ಕಿವಿ ಹಿಂಡಿದಳು. ಅವರಿಗೆ ಮಕ್ಕಳಾಗಲಿಲ್ಲ. ಊರಿನ ಮಕ್ಕಳೆಲ್ಲ ಅಣ್ಣ ಮಾಡಿದ ಗೊಂಬೆ ಹಿಡಿದು ಆಡುವಾಗ ಊರಿನ ದೊಡ್ಡವರು ಅವನನ್ನು ಬಾಜೂಕ್ಕೆ ಕರೆದು, "ಇನ್ನೊಂದ ಮದುವಿ ಮಾಡ್ಕೋರಿ" ಎಂದು ಕಿವಿಯಲ್ಲಿ ಊದುತ್ತಿದ್ದರು. ಅವನು ಊದಿದವರ ಮೇಲೂ ಸಂಶಯಪಡುತ್ತಿದ್ದ.

ಇಂಥ ಮನುಷ್ಯ, ನಲವತ್ತರ ಹತ್ತಿರ ಬಂದವನು, ನಾನು ಕಂಡಂತೆ ಕಟ್ಟಿಗೆಯ ಕುದುರೆ ಬಿಟ್ಟು ಬೇರೆ ಕುದುರೆ ಮುಟ್ಟದವನು, ಒಂದು ದಿನ ಊಟದ ನಡುವೆ, "ಕುದುರಿ ಹತ್ತೂದ ಕಲೀಬೇಕಂತೇನಿ" ಎಂದ!

"ಯಾಕ್ರಿ?" ಎಂದಳು ವೈನಿ.

"ಸಂತಿಗೆ ಗೊಂಬಿ ಒಯ್ಯಾಕ."

ವೈನಿ ನಂಬಿದಳು. ನಾನು ನಂಬಲಿಲ್ಲ. ಸಂತೆಗೆ ಗೊಂಬೆ ಒಯ್ಯಲು ಗಾಡಿ ಇರಲಿಲ್ಲವೇ? ಕುದುರೆಯ ಮೇಲೆ ಎಷ್ಟು ಗೊಂಬೆ ಹಿಡಿದಾವು? ನಾನೂ ಅದೇ ಮನೆತನದವನಲ್ಲವೇ, ಸಂಶಯ ನನ್ನ ಪಾಲಿಗೂ ಬಂದಿತ್ತು.

ಕುದುರೆ ಸಿಕ್ಕದ್ದು ಮೂಡಲಗಿಯಲ್ಲಿ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವ ಒಬ್ಬ ಚಾಚಾ ತನ್ನ ಬಿಳಿ ಹೆಣ್ಣು ಕುದುರೆಯನ್ನು ಮಾರಲು ನಿಲ್ಲಿಸಿದ್ದ. ಅಣ್ಣ ಅದರ ಸುತ್ತ ತಿರುಗಿ, ಮರದ ದಿಮ್ಮಿಯನ್ನು ಬಡಿಯುವಂತೆ ಅದರ ಪಕ್ಕೆಯ ಮೇಲೆ ಬೆರಳಿನಿಂದ ಬಡಿದು ನೋಡಿದ.

"ಕಾಲ ತೆಳು ಆದ್ವು. ಹೊಟ್ಟಿ ಭಾರ ಆತು. ನಮ್ಮ ಅಂಗಡ್ಯಾಗ ಇಟ್ಟಿದ್ರ ಗಿರಾಕಿ ಕೈಲೆ ಮುಟ್ಟತಿದ್ದಿಲ್ಲ."

"ನಿಮ್ಮ ಕುದುರಿ ಹುಲ್ಲು ತಿನ್ನೂದಿಲ್ರಿ. ನಂದು ತಿಂತೈತಿ. ಹೊಟ್ಟಿ ಬರೂದ" ಎಂದ ಚಾಚಾ. "ಗರ್ನಾಲ ಹಾರಿಸ್ರಿ, ಹಲಗಿ ಬಡೀರಿ, ಬೆದರಂಗಿಲ್ಲ. ಇದರ ಮ್ಯಾಲ ಕುಂತ ಒಬ್ಬ ಮದುಮಗನೂ ಇಲ್ಲೀತನಕ ಬಿದ್ದಿಲ್ರಿ."

"ಎಲ್ಲಾರೂ ಮದುವಿ ಆದ ಮ್ಯಾಲ ಬಿದ್ದಾರ" ಎಂದ ಅಣ್ಣ. ಅಷ್ಟರಲ್ಲಿ ಕುದುರೆ ಕಣ್ಣು ಮುಚ್ಚಿತು. "ಏನಾತ ಇದಕ್ಕ?"

"ನಿದ್ದಿ ಮಾಡಾಕತ್ತೈತ್ರಿ."

"ನಿಂತಕೊಂಡ?"

"ಹೌದ್ರಿ. ಕುದುರಿ ಹಂಗ."

"ಮಲಗಾಕ ಇಷ್ಟ ಭೂಮಿ ಇದ್ದಾಗ್ಲೂ?"

ಅಣ್ಣ ನನ್ನ ತೋಳು ಹಿಡಿದು ಆಚೆ ಕರೆದೊಯ್ದು ಮೆಲ್ಲಗೆ ಹೇಳಿದ: "ತಮ್ಮಾ, ಮನಸಿನ್ಯಾಗ ಏನೋ ಇಟಗೊಂಡವರ ಹಿಂಗ ನಿಂತ ನಿದ್ದಿ ಮಾಡತಾರ." ಆದರೂ ಕೊಂಡುಕೊಂಡ! ಮನೆಗೆ ಬಂದು ವೈನಿಗೂ ಅದೇ ಮಾತು ಹೇಳಿದ. ಅಷ್ಟು ಸಂಶಯವಿದ್ದೂ ಕೊಂಡನೆಂದರೆ ಏನೋ ಕಾರಣವಿರಲೇಬೇಕು ಎಂದು ನನ್ನ ಸಂಶಯ ಇನ್ನೊಂದು ಗೇಣು ಬೆಳೆಯಿತು.

ಕಲಿಸಲು ಮುಂದೆ ಬಂದವರು ಎದುರು ಮನೆಯ ಕಾಕಾ. ಹರೆಯದಲ್ಲಿ ಕೊಲ್ಲಾಪುರದ ಕಡೆ ಯಾರದೋ ಲಾಯದಲ್ಲಿ ಚಾಕರಿ ಮಾಡಿದವರು. ಅವರು ಕಟ್ಟೆಯ ಮೇಲಿಂದ ಎದ್ದೇಳದೆ ಕಲಿಸುತ್ತಿದ್ದರು.

"ಲಗಾಮ ಸಡ್ಲ ಬಿಡ್ರಿ!"

"ಸಡ್ಲ ಬಿಟ್ರ ನಾ ಬಿಟ್ಟೇನಂತ ಅದಕ್ಕ ಗೊತ್ತಾಗತೈತಿ."

"ಹೆದರಬ್ಯಾಡ್ರಿ. ನೀವು ಹೆದರೀರಿ ಅನ್ನೂದು ಅದಕ್ಕ ತಿಳೀತೈತಿ."

ಅಣ್ಣ ಮೇಲಿನಿಂದ ಅವರನ್ನೇ ನೋಡಿ, "ಅದಕ್ಕ ಯಾರ ಹೇಳಿದ್ರು?" ಎಂದ.

ಮೊದಲ ದಿನ ಈ ಕಡೆಯಿಂದ ಹತ್ತಿ ಆ ಕಡೆಗೆ ಇಳಿದ. ನಡುವೆ ಕುದುರೆಯ ಮೇಲೆ ಕೂತದ್ದನ್ನು ನಾನಂತೂ ನೋಡಲಿಲ್ಲ. ಮರುದಿನ ಜೀನಿನ ಪಟ್ಟಿಯನ್ನು ಹಲ್ಲು ಕಚ್ಚಿ ಬಿಗಿದು ಕಟ್ಟಿದ, ಹತ್ತಿದ, ಕುದುರೆ ನಾಲ್ಕು ಹೆಜ್ಜೆ ಹಾಕಿತು. ಜೀನು ಸಾವಕಾಶವಾಗಿ ಜಾರುತ್ತಾ ಹೊಟ್ಟೆಯ ಕೆಳಗೆ ಬಂತು. ಜೀನಿನ ಮೇಲೆ ಕೂತವನೂ ಬರಲೇಬೇಕಲ್ಲ, ಬಂದ! ಕಾಕಾ ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು, "ಪಟ್ಟಿ ಕಟ್ಟೂ ಮುಂದ ಅದು ಉಸರ ಹಿಡದು ಹೊಟ್ಟಿ ಉಬ್ಬಸತೈತ್ರಿ! ಕಟ್ಟಿದ ಮ್ಯಾಲ ಉಸರ ಬಿಡತೈತಿ. ಎಲ್ಲಾ ಕುದುರಿ ಹಂಗ" ಎಂದರು.

ನೆಲದ ಮೇಲೆ ಮಲಗಿಯೇ ಅಣ್ಣ ಕುದುರೆಯ ಮುಖ ನೋಡಿದ. ಜೀವಮಾನವಿಡೀ ಹುಡುಕುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿಬಿದ್ದಂತಹ ಸಮಾಧಾನ ಅವನ ಮುಖದಲ್ಲಿತ್ತು. "ನೋಡಿದ್ಯಾ ತಮ್ಮಾ? ನಾ ಹೇಳಿದ್ದಿಲ್ಲ?"

ಎಂಟು ದಿನಕ್ಕೆ ಅವನಿಗೆ ಕೂಡ್ರಲು ಬರದಂತಾಯಿತು. ನಿಂತು ಕೆತ್ತಿದ, ನಿಂತು ರೊಟ್ಟಿ ತಿಂದ. ವೈನಿ ಬಿಸಿ ಎಣ್ಣೆಯ ಬಟ್ಟಲು ತಂದಿಟ್ಟು, "ಇನ್ನ ನಿದ್ದಿನೂ ನಿಂತ ಮಾಡ್ರಿ. ಮನಸಿನ್ಯಾಗ ಏನರ ಐತೇನು?" ಎಂದು ನಕ್ಕಳು. ಅಣ್ಣ ನಗಲಿಲ್ಲ. ರೊಟ್ಟಿಯ ತುಣುಕು ಕೈಯಲ್ಲೇ ನಿಂತಿತು, ಮುಖ ಕೆಂಪಾಯಿತು. ವೈನಿ ಆಗಲೇ ಒಲೆಯ ಕಡೆ ತಿರುಗಿದ್ದಳು. ನಾನು ಮಾತ್ರ ನೋಡಿದೆ. ನೋಡಬಾರದಿತ್ತು.

ಅವನು ಬೀಳುವುದು ಕಡಿಮೆಯಾದ ಮೇಲೆ ಆ ಕುದುರೆಯ ನಿಜವಾದ ಗುಣ ಹೊರಬಿತ್ತು. ನಮ್ಮ ಕಡೆ ಮದುಮಗನ ಮೆರವಣಿಗೆ ಬಂದಾಗ ಗುರುತಿನವರೆಲ್ಲ ತಂತಮ್ಮ ಬಾಗಿಲಿಗೆ ಕುದುರೆ ನಿಲ್ಲಿಸಿ, ಅದರ ಕಾಲಿಗೆ ತಂಬಿಗೆ ನೀರು ಹಾಕಿ, ಆರತಿ ಬೆಳಗಿ, ಕುದುರೆಯ ಬಾಯಿಗೂ ಒಂದು ಚೂರು ಬೆಲ್ಲ ಕೊಡುತ್ತಾರೆ. ಈ ಕುದುರೆಗೆ ಜೀವನವೆಂದರೆ ಅಷ್ಟೇ ಗೊತ್ತಿತ್ತು. ಬಾಗಿಲು ಕಂಡರೆ ನಿಲ್ಲುವುದು! ಕಾಲಿಗೆ ನೀರು ಬಿದ್ದು ಬಾಯಿಗೆ ಬೆಲ್ಲ ಬರುವ ತನಕ ಹೊಡೆದರೂ ಬೈದರೂ ಮುಂದಕ್ಕೆ ಹೆಜ್ಜೆಯಿಲ್ಲ. ಹಾಲಿನವಳ ಬಾಗಿಲಿಗೂ ನಿಂತಿತು. ಅಣ್ಣ ಅವಳ ಕೈಯಿಂದ ಬೆಲ್ಲ ಇಸಿದುಕೊಂಡು, ಮೂಸಿ ನೋಡಿ, ಕುದುರೆಗೆ ಕೊಟ್ಟ.

ಓಣಿಯ ಹೆಣ್ಣುಮಕ್ಕಳಿಗೆ ಹಬ್ಬ! "ಏನ್ರಿ ಮದುಮಗಾ, ಮದುವಿ ಯಾವಾಗ?" ಎಂದು ತಂಬಿಗೆ ಹಿಡಿದು ಮೊದಲೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಹುಡುಗಿ ಯಾವೂರಾಕಿರಿ?" ಅಣ್ಣ ಕುದುರೆಗೆ ಬೆಲ್ಲ ಕೊಡಿಸಿಕೊಂಡು ಮುಂದೆ ಹೋಗುತ್ತಿದ್ದ. ಸಿಟ್ಟಿಗೇಳುತ್ತಲೂ ಇರಲಿಲ್ಲ! ಎಮ್ಮೆಯ ಮೇಲೆ ಸಂಶಯಪಡುವವನು ಇಷ್ಟು ಜನರ ಚೇಷ್ಟೆಯನ್ನು ಸಹಿಸುವುದೆಂದರೇನು?

ನಾನು ಬೇಹು ನಡೆಸಿದೆ. ಅಣ್ಣ ಹೊಸ ಜರದ ರುಮಾಲು ತಂದು ಕಟ್ಟಿಗೆಯ ರಾಶಿಯ ಹಿಂದೆ ಇಟ್ಟಿದ್ದ. ಅದನ್ನು ಎತ್ತಿದರೆ ಕೆಳಗೆ ಒಂದು ಬಾಸಿಂಗ, ಮದುಮಗನ ಹಣೆಗೆ ಕಟ್ಟುವಂಥದು. ಬೇಗಡೆ ಇನ್ನೂ ಹೊಸದಾಗಿ ಮಿನುಗುತ್ತಿತ್ತು. ಅಂಗಡಿಗೆ ಬಂದು ಬಾಸಿಂಗ ಮಾಡಿಕೊಡಲು ಹೇಳಿ ಹೋದ ಗಿರಾಕಿ ಯಾರೂ ಇರಲಿಲ್ಲ. ನಾನು ಕೇಳಿಯೇಬಿಟ್ಟೆ: "ಅಣ್ಣಾ, ಇದ ಯಾರದು?"

ಅವನು ಬಾಗಿಲ ಕಡೆ ನೋಡಿ, "ನಂದ. ಸುಮ್ನಿರು. ಹುಕ್ಕೇರಿಗೆ ಹೋಗೂದೈತಿ. ಯಾರಿಗೂ ಹೇಳಬ್ಯಾಡ. ನಿನ್ನ ವೈನಿಗಂತೂ ಬ್ಯಾಡಾ ಬ್ಯಾಡ" ಎಂದ.

ಇನ್ನೇನು ಬೇಕು? ವೈನಿಯ ತವರುಮನೆ ಇರುವ ಊರಿನಲ್ಲೇ ಇನ್ನೊಂದು ಹೆಣ್ಣು ನೋಡಿದ್ದಾನಲ್ಲ ಎಂದು ನನ್ನ ಮೈ ಉರಿಯಿತು. ವೈನಿಗೆ ಹೇಳುವುದು ನನ್ನ ಧರ್ಮ ಎಂದುಕೊಂಡೆ. ಖರೆ ಹೇಳಬೇಕೆಂದರೆ, ಗುಟ್ಟು ಮೊದಲು ಕಂಡುಹಿಡಿದವನ ಹೆಮ್ಮೆಯೂ ಅದರಲ್ಲಿತ್ತು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕಂಡದ್ದಕ್ಕೆ ಕಾಣದ್ದನ್ನೂ ಒಂದಿಷ್ಟು ಸೇರಿಸಿದೆ. ಬಣ್ಣ ಹಚ್ಚುವುದು ನನ್ನ ಕಸುಬಲ್ಲವೇ!

ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದ ಮೇಲೆ ಕೇಳಿದಳು: "ಹುಡುಗಿ ಛಲೋ ಅದಾಳಂತೇನ?"

ನಾನು ಎದ್ದು ಬಣ್ಣದ ಕುಡಿಕೆ ತೊಳೆಯಲು ಹೋದೆ.

ಮರುದಿನ ಅಣ್ಣ ಮೂಡಲಗಿಯ ಸಂತೆಗೆ ಹೋದಾಗ, ತನ್ನ ಅಪ್ಪನಿಗೆ ಆರಾಮವಿಲ್ಲ ಎಂದು ಓಣಿಯವರಿಗೆ ಹೇಳಿ, ಹುಕ್ಕೇರಿಗೆ ಹೊರಟ ಬೆಲ್ಲದ ಗಾಡಿಯಲ್ಲಿ ವೈನಿ ಟ್ರಂಕು ಇಟ್ಟುಕೊಂಡು ಹೋದಳು. ಹೋಗುವಾಗ ಅಂಟಿನ ಗಡಿಗೆ ತುಂಬಿಸಿಟ್ಟಿದ್ದಳು. "ಅಂಟ ತಳಾ ಹಿಡೀತೈತಿ, ಆಗಾಗ ತಿರುವು" ಎಂದಳು ನನಗೆ.

ಅಣ್ಣ ಬಂದು ಕೇಳಿದ. ಹುಕ್ಕೇರಿಗೆ ಹೋದಳು ಎಂದಷ್ಟೇ ಹೇಳಿದೆ. ಅವನು ತೊಡೆ ತಟ್ಟಿ ನಕ್ಕ! "ಹುಕ್ಕೇರಿಗೆ ಹೋದ್ಳ? ತಾನಾಗೇ? ಭಾಳ ಛಲೋ ಆತು! ನಡಿ, ಹೊಂಡು, ನಾವೂ ಹೋಗೂಣು."

ಇಷ್ಟು ಕಲ್ಲೆದೆಯವನೇ ನನ್ನ ಅಣ್ಣ? ನಾನು ಲಗಾಮು ಹಿಡಿದು ಮುಂದೆ ನಡೆದೆ. ಆದರೆ ದಾರಿಯುದ್ದಕ್ಕೂ ಅವನ ಮುಖ ನೋಡಲಿಲ್ಲ. ದಾರಿಯಲ್ಲಿ ಎಷ್ಟು ಹಳ್ಳಿಗಳೋ, ಹಳ್ಳಿಗೆ ಎಷ್ಟು ಬಾಗಿಲುಗಳೋ! ಬೆಲ್ಲ ಮುಗಿದು, ಅಣ್ಣ ಮಾವನಿಗೆಂದು ಕಟ್ಟಿಕೊಂಡಿದ್ದ ಕರದಂಟನ್ನೂ ಕುದುರೆಗೆ ತಿನ್ನಿಸಿದೆವು. ಕುರಿ ಹೊಡೆದುಕೊಂಡು ಬಂದ ಕುರುಬನೊಬ್ಬ ಅಣ್ಣ ಎರಡೂ ಕೈಯಿಂದ ಕುದುರೆಯ ಕುತ್ತಿಗೆ ತಬ್ಬಿದ್ದನ್ನು ನೋಡಿ, "ಯಪ್ಪಾ, ಕುದುರಿ ನಿಮ್ಮನ್ನ ಒಯ್ಯಾಕತ್ತೈತೋ, ನೀವ ಕುದುರೀನ ಎತ್ತಗೊಂಡ ಹೊಂಟೀರೋ?" ಎಂದ.

ಹುಕ್ಕೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಅಣ್ಣ ಇಳಿದು, ಗಂಟು ಬಿಚ್ಚಿ, ಜರದ ರುಮಾಲು ಸುತ್ತಿ, ಬಾಸಿಂಗವನ್ನು ಹಣೆಗೆ ಹಿಡಿದ. "ಹಿಂದ ಕಟ್ಟು ತಮ್ಮಾ."

"ನಾಚಿಗಿ ಇಲ್ಲೇನ ಅಣ್ಣಾ ನಿನಗ?"

"ಭಾಳ ಐತಿ. ಲಗೂ ಕಟ್ಟು."

ಪೇಟೆಯಲ್ಲಿ ಬಾಗಿಲು ಬಾಗಿಲಿಗೂ ನಿಂತೆವು. ಹಿಂದೆ ಜನ ಕೂಡಿದರು. ತಲೆ ನರೆತ ಮದುಮಗ, ಹಲಗೆಯಿಲ್ಲ, ಬೀಗರಿಲ್ಲ, ಲಗಾಮು ಹಿಡಿದ ತಮ್ಮನ ಮುಖ ಹೆಣ ಹೊತ್ತವನಂತೆ! ಹೀಗೆ ನಿಲ್ಲುತ್ತಾ ಕುದುರೆ ಒಂದು ಬಾಗಿಲಿಗೆ ಬಂತು. ಅಣ್ಣ ಹಿಮ್ಮಡಿಯಿಂದ ತಿವಿಯಲಿಲ್ಲ. "ಇದ ಮನಿ" ಎಂದ. ನಾನು ತಲೆಯೆತ್ತಿದೆ. ವೈನಿಯ ತವರುಮನೆ.

ಬಾಗಿಲಲ್ಲಿ ಅವಳ ಮುಪ್ಪಿನ ಅಪ್ಪ, ಅವರ ಹಿಂದೆ ಅಕ್ಕತಂಗಿಯರು, ಎಲ್ಲರ ಹಿಂದೆ, ಕೈಯ ಹಿಟ್ಟನ್ನೂ ತೊಳೆಯದ ವೈನಿ. ಅಣ್ಣ ಮಾವನಿಗೆ ಮೇಲಿಂದಲೇ ಕೈ ಮುಗಿದ. ಬೇವಿನ ಗಿಡದ ಹತ್ತಿರ ಹತ್ತಲು ಪಟ್ಟ ಪಾಡಿನ ಮೇಲೆ, ಇಳಿದರೆ ಮತ್ತೆ ಹತ್ತಲು ಬಂದೀತೆಂಬ ನಂಬಿಕೆ ಅವನಿಗಿರಲಿಲ್ಲ.

"ಮಾವಾರ, ನಮ್ಮ ಮದುವಿ ದಿನ ನಾ ಹೆದರಿ ಕುದುರಿ ಮ್ಯಾಲಿಂದ ಜಿಗದ ಓಡಿದ್ದೆ. ಆಮ್ಯಾಲ ನಡಕೊಂತ ಬಂದು ನಿಮ್ಮ ಮಗಳ ಜೋಡಿ ಅಕ್ಕಿಕಾಳ ಹಾಕಿಸ್ಕೊಂಡೆ. ಅದನ್ನ ಇವರೆಲ್ಲಾ ಇನ್ನೂ ಆಡತಾರ. ಹ್ವಾದ ದೀಪಾವಳ್ಯಾಗ ಆಡಿದ್ರು. ಇಕಿ ಎಲ್ಲಾರ ಮುಂದ ನಕ್ಕಳು. ಆಮ್ಯಾಲ ದನದ ಕೊಟ್ಟಗಿ ಹಿಂದ ನಿಂತ ಅತ್ತಳು. ನಾ ನೋಡೇನಿ." ಉಸಿರು ತೆಗೆದುಕೊಂಡು, "ಈಗ ಬಂದೇನಿ. ತಡಾ ಆತು. ನೀರ ಹಾಕಾಕ ಹೇಳ್ರಿ, ಇಲ್ಲಾಂದ್ರ ಇದು ಇಲ್ಲಿಂದ ಕದಲಂಗಿಲ್ಲ" ಎಂದ.

ವೈನಿ ಮುಂದೆ ಬಂದಳು. "ಹುಡುಗಿ ಎಲ್ಲಿ ಅದಾಳ?" ಎಂದಳು.

"ಯಾವ ಹುಡುಗಿ?" ಎಂದ ಅಣ್ಣ.

ಅವಳು ನನ್ನನ್ನು ನೋಡಿದಳು. ನಾನು ಕುದುರೆಯನ್ನು ನೋಡಿದೆ. ಕುದುರೆ ಕಣ್ಣು ಮುಚ್ಚಿಕೊಂಡು ನಿಂತಿತ್ತು, ನಿದ್ದೆಯೋ ಏನೋ.

"ಏನಿಲ್ರಿ" ಎಂದಳು ವೈನಿ.

ಒಳಗೆ ಹೋಗಿ ತಂಬಿಗೆ ತಂದಳು. ಕುದುರೆಯ ಕಾಲಿಗೆ ನೀರು ಹಾಕಿದಳು. ಉಳಿದ ನೀರನ್ನು, ಬಾಗಿ, ನನ್ನ ಕಾಲಿಗೆ ಹಾಕಿದಳು. ಗೋಕಾಕದಿಂದ ನಡೆದು ಬಂದು ಅವು ಬೊಬ್ಬೆ ಎದ್ದಿದ್ದವು. ಬಾಗಿದವಳು ನನಗಷ್ಟೇ ಕೇಳುವಂತೆ ಹೇಳಿದಳು: "ನೀ ಹೇಳಿದ್ದು ಅವರಿಗೆ ಎಂದೂ ತಿಳೀಬಾರದು. ಇಡೀ ಜಗತ್ತಿನ್ಯಾಗ ಅವರು ನಂಬೂದು ನಿನ್ನೊಬ್ಬಾವನ್ನ. ಅದೂ ಹೋತಂದ್ರ ಹೆಂಗ ಬದುಕತಾರ?"

ಅವನಿಗೆ ತಿಳಿಯಲಿಲ್ಲ. ಆಮೇಲೆ ಎಷ್ಟೋ ವರ್ಷ ಅವನು ಹಾಲು, ಎಮ್ಮೆ, ಭೋಂಗಾ, ಚಂದ್ರ ಎಲ್ಲದರ ಮೇಲೂ ಸಂಶಯಪಡುತ್ತಲೇ ಬದುಕಿದ. ಯಾರಾದರೂ ರೇಗಿಸಿದರೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಇಂವಾ ಒಬ್ಬಾವ ಖರೆ ಮನಷ್ಯಾ" ಎನ್ನುತ್ತಿದ್ದ. ಆಗೆಲ್ಲ ವೈನಿ ಒಳಗೆ ಅಂಟು ತಿರುವುತ್ತಿದ್ದಳು. ಒಮ್ಮೆಯೂ ಹೊರಗೆ ಇಣುಕಿ ನನ್ನ ಮುಖ ನೋಡಲಿಲ್ಲ.

ಈಗ ಅವರಿಬ್ಬರೂ ಇಲ್ಲ, ಕುದುರೆಯೂ ಇಲ್ಲ. ಅದಕ್ಕೇ ಬರೆಯುವ ಧೈರ್ಯ ಬಂತು. ಆದರೂ ಇದನ್ನು ಬರೆದು ಮುಗಿಸುವಷ್ಟರಲ್ಲಿ ನಡುನಡುವೆ ಎದ್ದು ಬಾಗಿಲಿಗೆ ಹೋಗಿ ನೋಡಿ ಬಂದೆ, ಹೊರಗೆ ಯಾರಾದರೂ ಬಂದು ನಿಂತಿದ್ದಾರೇನೋ ಎಂದು. ಕೈಯಲ್ಲಿ ನೀರಿನ ತಂಬಿಗೆ ಹಿಡಿದುಕೊಂಡೇ ಹೋಗಿದ್ದೆ.