ಒಂಬತ್ತು ತೋಳು ಬೇಕಾಗಿವೆ

ಎಲ್ಲಕ್ಕೂ ಕಾರಣ ಬೆಳಿಗ್ಗೆ ಬಂದ ಒಂದು ಫೋನು. ಮೈಕಣ್ಣ ಬಾಯಿತುಂಬ ನೊರೆ ಇಟ್ಟುಕೊಂಡು ಹಲ್ಲುಜ್ಜುತ್ತಿದ್ದ. ಸಮುದ್ರದಾಚೆಯ ದೇಶದಲ್ಲಿರುವ ಮಗಳು, ತುಂಬು ಬಸುರಿ, ಒಂದೇ ಉಸಿರಿಗೆ ಹೇಳಿದಳು:

"ಅಪ್ಪ, ಇಲ್ಲಿ ಹೊಸ ರೂಲ್ಸ್ ಬಂದಿದೆ. ಲಸಿಕೆ ಹಾಕಿಸ್ಕೊಂಡು ಎರಡು ವಾರ ಆಗಿಲ್ಲ ಅಂದ್ರೆ ವಿಮಾನದಿಂದ ಇಳಿಯೋಕೇ ಬಿಡಲ್ಲ. ನಿಮ್ಮ ಟಿಕೆಟ್ಟಿಗೆ ಉಳಿದಿರೋದೇ ಎರಡು ವಾರ. ಇವತ್ತು ಹಾಕಿಸ್ಕೊಂಡ್ರೆ ಬರ್ತೀಯ, ಇಲ್ಲಾಂದ್ರೆ ಇಲ್ಲ. ನಿನ್ನ ಹಟ ನಂಗೊತ್ತು. ಆದ್ರೆ ಹೆರಿಗೆ ಹೊತ್ತಿಗೆ ನೀನಿಲ್ದೆ ನಂಗೆ ಧೈರ್ಯ ಸಾಲಲ್ಲಪ್ಪ."

ಮೈಕಣ್ಣ ನೊರೆಯನ್ನು ನುಂಗಿಬಿಟ್ಟ.

ಅವನದು ಮೈಕು, ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವ ಅಂಗಡಿ. ಸಾಂಕ್ರಾಮಿಕ ಬಂತು, ಜನ ಸೇರುವುದು ನಿಂತಿತು, ಲೌಡ್‌ಸ್ಪೀಕರುಗಳಲ್ಲಿ ಜೇಡ ಸಂಸಾರ ಹೂಡಿತು. ಕೆಲಸವಿಲ್ಲದ ಮೈಕು, ಕೆಲಸವಿಲ್ಲದ ಬಾಯಿ ಎರಡೂ ಒಂದೇ ಅಂಗಡಿಯಲ್ಲಿದ್ದರೆ ಏನಾಗಬೇಕೋ ಅದೇ ಆಯಿತು. ದಿನಾ ಸಂಜೆ ಅಂಗಡಿ ಮೆಟ್ಟಿಲ ಮೇಲೆ ನಿಂತು ಗುಡುಗುತ್ತಿದ್ದ. "ಅಂಗಡಿ ಮುಚ್ಚು ಅಂದ್ರು, ಮುಚ್ಚಿದ್ವಿ! ಬಾಯಿ ಮುಚ್ಚು ಅಂದ್ರು, ಬಟ್ಟೆ ಕಟ್ಕೊಂಡ್ವಿ! ಈಗ ತೋಳು ಬೇಕಂತೆ! ನಮ್ಮ ತೋಳು ನಮ್ಮದು! ಒಂದೇ ಒಂದು ಸೂಜಿನೂ ಈ ಬೀದಿಯೊಳಗೆ ಬರಕೂಡದು!" ಲಸಿಕೆಯ ಬಗ್ಗೆ ಅವನಿಗೆ ಗೊತ್ತಿದ್ದದ್ದು ಸೊನ್ನೆ. ಆದರೆ ಮೈಕಿನಲ್ಲಿ ಹೇಳಿದರೆ ಸೊನ್ನೆಯೂ ದೊಡ್ಡದಾಗಿಯೇ ಕೇಳಿಸುತ್ತದೆ. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟುತ್ತಿತ್ತು.

ಈಗ ಆ ಬೀದಿಯ ಕಣ್ಣಿಗೆ ಬೀಳದೆ ಹೋಗಿ ಚುಚ್ಚಿಸಿಕೊಂಡು ಬರಬೇಕಿತ್ತು. ಹೆಂಡತಿಗೂ ಹೇಳಲಿಲ್ಲ. ಎರಡು ಮಾಸ್ಕು, ಕಿವಿ ಮುಚ್ಚುವ ಟೋಪಿ, ಹೆಂಡತಿಯದೇ ಅಗಲವಾದ ಕಪ್ಪು ಕನ್ನಡಕ ಹಾಕಿಕೊಂಡು ಹಿಂಬಾಗಿಲಿನಿಂದ ಜಾರಿದ. ಮಗಳಿರುವ ದೇಶ ಒಪ್ಪುವ ಲಸಿಕೆ ಊರಿಗೆಲ್ಲ ಸಿಗುತ್ತಿದ್ದದ್ದು ಪಕ್ಕದ ಬೀದಿಯ ಶಾಲೆಯಲ್ಲಿ ಮಾತ್ರ. ಮಕ್ಕಳಿಲ್ಲದ ಶಾಲೆ, ಮಕ್ಕಳ ಬೆಂಚು. ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು.

ವೇಷವೇನೋ ಸರಿಯಿತ್ತು, ದನಿಯದೇ ಭಯ. ಊರಿಗೆಲ್ಲ ಪರಿಚಯವಾದ ಗಂಟಲು ಅದು. ನರ್ಸಮ್ಮ ಏನು ಬೇಕೆಂದು ಕೇಳಿದಾಗ ಗುಟ್ಟಾಗಿ ಪಿಸುಗುಟ್ಟಿದ.

"ಗಂಟಲು ಕಟ್ಟಿದ್ಯಾ? ಹಾಗಾದ್ರೆ ಆ ಲೈನಿಗೆ ಹೋಗಿ," ಎಂದಳು ಆಕೆ.

ಬಾಯಿಬಿಟ್ಟು ವಾದ ಮಾಡುವಂತಿರಲಿಲ್ಲ. ಆ ಲೈನಿನಲ್ಲಿ ಒಬ್ಬ ಅವನ ಮೂಗಿಗೆ ಉದ್ದನೆಯ ಕಡ್ಡಿ ತೂರಿಸಿ, ಏನೋ ಕಳೆದುಹೋದದ್ದನ್ನು ಹುಡುಕುವವನಂತೆ ತಿರುವಿದ. ಮೈಕಣ್ಣ ಕಣ್ಣೀರು ಸುರಿಸುತ್ತ ಕಾದ. ರೋಗವಿಲ್ಲ ಎಂದು ಗೊತ್ತಾದ ಮೇಲೆ ಮತ್ತೆ ನರ್ಸಮ್ಮನ ಮುಂದೆ ನಿಂತ.

"ಲಸಿಕೆನಾ? ಮೊದಲೇ ಹೇಳೋಕೆ ಏನಾಗಿತ್ತು? ಇನ್ನೊಂಬತ್ತು ಜನ ಎಲ್ಲಿ?"

"ಯಾವ ಒಂಬತ್ತು ಜನ?"

"ಒಂದು ಬಾಟ್ಲಿ ಅಂದ್ರೆ ಹತ್ತು ಜನಕ್ಕೆ ಯಜಮಾನ್ರೇ. ಒಮ್ಮೆ ತೆಗೆದ್ರೆ ಅವತ್ತೇ ಮುಗಿಸ್ಬೇಕು. ನಿಮ್ಮೊಬ್ಬರಿಗೆ ತೆಗೆದು ಉಳಿದದ್ದು ಚೆಲ್ಲಿದ್ರೆ ನನ್ನ ಕೆಲಸ ಹೋಗುತ್ತೆ. ಈಗೀಗ ಯಾರೂ ಬರ್ತಾನೇ ಇಲ್ಲ. ಐದು ಗಂಟೆಯೊಳಗೆ ಹತ್ತು ಜನ ಆದ್ರೆ ಹಾಕ್ತೀನಿ."

ಯಾರೂ ಬರುತ್ತಿಲ್ಲ! ಮೈಕಣ್ಣನ ಎದೆ ಒಂದು ಕ್ಷಣ ಹೆಮ್ಮೆಯಿಂದ ಉಬ್ಬಿತು, ಮರುಕ್ಷಣ ಗಾಳಿ ಬಿಟ್ಟ ಟ್ಯೂಬಿನಂತೆ ಕುಸಿಯಿತು. ತನ್ನ ಭಾಷಣ ಇಷ್ಟು ಚೆನ್ನಾಗಿ ನಾಟುತ್ತದೆಂದು ಯಾರಿಗೆ ಗೊತ್ತಿತ್ತು? ತನ್ನ ಗಂಟಲೇ ತನಗೆ ಶತ್ರುವಾಗಿತ್ತು. ಅಲ್ಲಿ ಮಗಳು ದಾರಿ ಕಾಯುತ್ತಿದ್ದಳು.

ಆದರೆ ಸೋತೆ ಅಂತ ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. ಮನೆ ಮುಟ್ಟುವುದರೊಳಗೆ ಉಪಾಯ ಸಿದ್ಧವಾಗಿತ್ತು. ಟೋಪಿ, ಕನ್ನಡಕ ಕಿತ್ತೆಸೆದು ಅಂಗಡಿ ಮೆಟ್ಟಿಲೇರಿ ಮೈಕು ಹಿಡಿದ.

"ಬಂಧುಗಳೇ! ಮಾತು ಸಾಕು, ಇವತ್ತು ಮುತ್ತಿಗೆ! ಲಸಿಕೆ ಕೇಂದ್ರಕ್ಕೇ ನುಗ್ಗೋಣ! ಎದೆಗಾರಿಕೆ ಇರೋ ಒಂಬತ್ತು ಜನ ಬನ್ನಿ!"

"ಒಂಬತ್ತೇ ಯಾಕೆ ಅಣ್ಣಾ?" ಎಂದು ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದ.

"ಜಾಸ್ತಿ ಜನ ಸೇರಿದ್ರೆ ಪೊಲೀಸ್ರು ಬರ್ತಾರೆ. ಪ್ರಶ್ನೆ ಕೇಳ್ಬೇಡ, ಬಾ!"

ಕ್ಷೌರದವನು ಬಂದ. ಹೊಲಿಗೆಯಕ್ಕ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದಳು. ನಿವೃತ್ತ ಮೇಷ್ಟ್ರು "ಅನ್ಯಾಯದ ವಿರುದ್ಧ ಅಂದ್ರೆ ನಾನು ಮುಂದೆ ಕಣಯ್ಯಾ" ಎಂದು ನಿಜಕ್ಕೂ ಎಲ್ಲರಿಗಿಂತ ಮುಂದೆ ನಿಂತರು. ಬೇಕರಿಯ ಅಣ್ಣತಮ್ಮಂದಿರು ನಾಲ್ವರೂ ಹಿಟ್ಟಿನ ಕೈಯಲ್ಲೇ ಇಳಿದರು. ಸೈಕಲ್ ರಿಪೇರಿಯವನೂ ಸೇರಿದ. ಒಬ್ಬರು ಕಡಿಮೆಯಾದದ್ದಕ್ಕೆ ಮೈಕಣ್ಣ ತನ್ನ ಹೆಂಡತಿಯನ್ನೇ ಕರೆದ. "ಯಾಕ್ರೀ, ನಂಗೆ ಕೆಲಸ ಇಲ್ವಾ?" ಎಂದು ಗೊಣಗುತ್ತ ಅವಳೂ ಹೊರಟಳು. ಆಪತ್ತಿನಲ್ಲಿ ಬೀದಿ ತನ್ನ ಬೆನ್ನಿಗೆ ನಿಂತಿತಲ್ಲ ಎಂದು ಮೈಕಣ್ಣನ ಕಣ್ಣು ಒದ್ದೆಯಾಯಿತು.

ಮೆರವಣಿಗೆ ಘೋಷಣೆ ಕೂಗುತ್ತ ಶಾಲೆಗೆ ನುಗ್ಗಿತು. ಒಳಗೆ ಹೋದದ್ದೇ ಮೈಕಣ್ಣ ಬಾಗಿಲು ಹಾಕಿ ಚಿಲಕ ಜಡಿದ. ಬೆಂಚು ಹತ್ತಿ ದನಿ ತಗ್ಗಿಸಿದ.

"ಈಗ ಯುದ್ಧದ ಗುಟ್ಟು ಕೇಳಿ. ಶತ್ರುವಿನ ಹತ್ರ ಮದ್ದುಗುಂಡು ಇರೋವರೆಗೆ ಅವನಿಗೆ ಸೊಕ್ಕು. ಅದನ್ನ ಖಾಲಿ ಮಾಡೋರು ಯಾರು? ನಾವು! ನಾವು ಹತ್ತು ಜನ ತೋಳು ಕೊಟ್ರೆ ಒಂದು ಬಾಟ್ಲಿ ಖಲ್ಲಾಸ್! ಊರಿಗೋಸ್ಕರ ನಮ್ಮ ತೋಳು ಬಲಿ! ಮೊದಲ ಬಲಿ ನಾನೇ! ತೋಳು ಮೇಲಕ್ಕೆ ಮಡಚಿ!"

ಯಾರೂ ತೋಳು ಮಡಚಲಿಲ್ಲ. ಮೇಷ್ಟ್ರು ಮೇಲಿನ ಫ್ಯಾನು ನೋಡಿದರು, ಹೊಲಿಗೆಯಕ್ಕ ನೆಲ ನೋಡಿದಳು.

"ಹೆದರ್ಬೇಡಿ, ನಾನಿದೀನಲ್ಲ!" ಎಂದ ಮೈಕಣ್ಣ.

ಅಷ್ಟರಲ್ಲಿ ನರ್ಸಮ್ಮ ಒಳಕೋಣೆಯಿಂದ ಬಂದಳು. ಗುಂಪು ನೋಡಿ ಅವಳ ಮುಖ ಅರಳಿತು.

"ಅಯ್ಯೋ, ಎಲ್ಲಾ ಪರಿಚಯದೋರೇ! ಏನ್ ಮೇಷ್ಟ್ರೇ, ಅವತ್ತು ಹಾಕಿಸ್ಕೊಂಡು ಹೋದ್ಮೇಲೆ ಕೈ ನೋವಿತ್ತಾ? ಅಕ್ಕಾ, ನಿಮಗೆ ಜ್ವರ ಬಿಡ್ತಾ?"

ಬೆಂಚಿನ ಮೇಲಿದ್ದ ಮೈಕಣ್ಣನಿಗೆ ನೆಲ ಎಲ್ಲಿದೆಯೆಂದೇ ತಿಳಿಯಲಿಲ್ಲ. "ಮೇಷ್ಟ್ರೇ... ನೀವು?"

"ವಯಸ್ಸಾಯ್ತಲ್ಲಯ್ಯಾ," ಎಂದರು ಮೇಷ್ಟ್ರು ಫ್ಯಾನಿಗೆ. "ನಿಂಗೆ ಹೇಳಿದ್ರೆ ಮೈಕಲ್ಲಿ ಮಾನ ಕಳೀತೀಯ ಅಂತ ಸುಮ್ಮನಿದ್ದೆ."

"ನಾನು ಮೇಷ್ಟ್ರ ಹಿಂದೇನೇ ಲೈನಲ್ಲಿದ್ದೆ ಅಣ್ಣಾ," ಎಂದ ಕ್ಷೌರದವನು. ಬೇಕರಿಯ ನಾಲ್ವರೂ ಒಟ್ಟಿಗೇ ತಲೆಯಾಡಿಸಿದರು. ಸೈಕಲ್ಲಿನವನು ಹಲ್ಲು ಕಿರಿದ.

"ಮತ್ತೆ ದಿನಾ ಸಂಜೆ ಚಪ್ಪಾಳೆ ತಟ್ತಿದ್ರಲ್ಲೋ, ಕಳ್ಳರಾ!"

"ಭಾಷಣ ಚೆನ್ನಾಗಿರ್ತಿತ್ತು ಅಣ್ಣಾ."

ಮೈಕಣ್ಣ ಕೊನೆಯ ಆಸೆಯಿಂದ ಹೆಂಡತಿಯತ್ತ ತಿರುಗಿದ. "ಲೇ, ನೀನಾದ್ರೂ..."

"ನಾನು ಈ ಬೀದಿಗೇ ಮೊದಲು ರೀ," ಎಂದಳು ಅವಳು, ಸ್ವಲ್ಪವೂ ನಾಚದೆ. "ಮಗಳ ಹತ್ರ ಹೋಗೋದು ಬೇಡ್ವಾ?"

ಯಾರೂ ಬರುತ್ತಿಲ್ಲ ಎಂದು ನರ್ಸಮ್ಮ ಹೇಳಿದ್ದು ಏಕೆಂದು ಮೈಕಣ್ಣನಿಗೆ ಆಗ ಅರ್ಥವಾಯಿತು. ಆದರೂ ಬಿಡಲಿಲ್ಲ. ಮುತ್ತಿಗೆಗೆ ಬಂದವನು ಮುತ್ತಿಗೆ ಹಾಕಿಯೇ ತೀರುವನೆಂದು ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕೂತು, ಅಂಗಿ ಬಿಚ್ಚಿ, ಬರಿ ತೋಳು ಎತ್ತಿ ಹಿಡಿದ. "ಈ ದೇಶದಲ್ಲಿ ಒಬ್ಬ ಮನುಷ್ಯನಿಗೆ ಬೆಲೆ ಇಲ್ವಾ? ಸೂಜಿ ನನ್ನ ಹಕ್ಕು! ಹಾಕೋವರೆಗೂ ಏಳಲ್ಲ!"

ಬೀದಿಯವರು ಅಭ್ಯಾಸಬಲದಿಂದ ಜೋರಾಗಿ ಚಪ್ಪಾಳೆ ತಟ್ಟಿದರು.

ನರ್ಸಮ್ಮ ಗಡಿಯಾರ ನೋಡಿ ಲಸಿಕೆಯ ಪೆಟ್ಟಿಗೆ ಮುಚ್ಚಿದಳು. "ಇನ್ನೊಂಬತ್ತು ಜನ ಬೇಕು ಯಜಮಾನ್ರೇ. ನಿಮ್ಮ ಕಡೆ ಲಸಿಕೆ ಹಾಕಿಸ್ಕೊಳ್ಳದೇ ಇರೋರು ಬೇರೆ ಯಾರಾದ್ರೂ ಇದಾರಾ?"

ಹೆಂಡತಿ ಗಂಡನನ್ನು ದಾಟಿಕೊಂಡು ಚಿಲಕ ತೆಗೆದಳು.

"ನೀವು ಹೋರಾಟ ಮುಗಿಸ್ಕೊಂಡು ಬನ್ನಿ. ಊರಿಗೆ ಹೋಗೋ ಸೂಟ್‌ಕೇಸ್ ತುಂಬೋಕೆ ಶುರು ಮಾಡ್ಬೇಕು, ನಾನು ಹೊರಟೆ. ಮಗೂನ ಫೋನಲ್ಲಿ ತೋರಿಸ್ತೀನಿ ಬಿಡಿ."