ಎಲ್ಲರೂ ಕೂತು ಉಣ್ಣುವ ಭಾನುವಾರ

ನಾನು ಬೇಯಿಸಿದ್ದನ್ನು ದಿನಕ್ಕೆ ಎಂಟುನೂರು ಜನ ಉಣ್ಣುತ್ತಾರೆ. ಅವರಲ್ಲಿ ಒಬ್ಬರೂ ನನ್ನ ಮನೆಯವರಲ್ಲ. ಇದಕ್ಕಿಂತ ದೊಡ್ಡ ದುಃಖ ನಿಮಗಿದ್ದರೆ ಹೇಳಿ, ಕೇಳುತ್ತೇನೆ. ಇಲ್ಲದಿದ್ದರೆ ಸುಮ್ಮನೆ ನನ್ನದನ್ನು ಕೇಳಿ.

ನಾನು ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವನು. (ಪಾಕಶಾಲಾ ಪ್ರಧಾನ ಎಂದು ನಾನು ಹೇಳಿಕೊಳ್ಳುತ್ತೇನೆ. ಅಲ್ಲಿಯವರು ಕರೆಯುವುದು ‘ಏಯ್, ಅನ್ನ ಎಲ್ಲಯ್ಯಾ’ ಎಂದು.) ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತೇನೆ. ಕೊನೆಯ ಪಾತ್ರೆ ತೊಳೆಸಿ ಮನೆಗೆ ಬಂದು ಬೀಳುವ ಹೊತ್ತಿಗೆ ಒಲೆಯ ಮುಖ ನೋಡಿದರೆ ಮೈ ಉರಿಯುತ್ತದೆ.

ನನ್ನ ಹೆಂಡತಿ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿದ್ದಾಳೆ. ಮಧ್ಯಾಹ್ನದ ಪಾಳಿ. ಕಿಂಡಿಯ ಹಿಂದೆ ಕೂತು ‘ಎಲ್ಲಿಗೆ? ಎಷ್ಟು ಜನ? ಚಿಲ್ಲರೆ ಕೊಡಿ’ ಎಂದು ಕೂಗಿ ಕೂಗಿ ಮನೆಯಲ್ಲೂ ಅವಳಿಗೆ ಉಳಿದಿರುವುದು ಆ ಮೂರೇ ಮಾತು. ನಾನು ಶರಟು ಹಾಕಿಕೊಂಡರೆ ಮೊದಲನೆಯದು, ನೆಂಟರು ಬರುತ್ತಾರೆಂದರೆ ಎರಡನೆಯದು. ಮೂರನೆಯದಕ್ಕೆ ಕಾರಣವೇ ಬೇಕಿಲ್ಲ.

ಇಂಥ ದಂಪತಿಗೆ ಕಾಲೇಜಿಗೆ ಹೋಗುವ ಮಗಳು, ಮೀಸೆ ಮೊಳೆಯುತ್ತಿರುವ ಮಗ. ಹೆಂಡತಿ ಮಾಡಿಟ್ಟು ಹೋದದ್ದನ್ನು ಅವರು ಯಾವಾಗ ತಿನ್ನುತ್ತಾರೋ, ತಿನ್ನುತ್ತಾರೋ ಇಲ್ಲವೋ, ದೇವರಿಗೇ ಗೊತ್ತು. ಮಗ ಫ್ರಿಜ್ಜಿನ ಬಾಗಿಲು ತೆರೆದುಕೊಂಡು, ಒಂಟಿ ಕಾಲಲ್ಲಿ ನಿಂತು, ಪಾತ್ರೆಗೇ ಚಮಚ ಹಾಕುತ್ತಾನೆ. ಮಗಳು ತಟ್ಟೆ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳೆಂದರೆ ಮುಗಿಯಿತು. ಆ ತಟ್ಟೆ ಹೊರಗೆ ಬರುವುದು ನಾಲ್ಕು ದಿನ ಬಿಟ್ಟು, ಒಣಗಿ ಕಟ್ಟಿಗೆಯಾಗಿ.

ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಒಂದು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುತ್ತಿರುವಾಗ ಮಗಳು ಎದ್ದು ಬಂದಳು. “ಅಪ್ಪ, ನಿನ್ ಹತ್ರ ಒಂದ್ ವಿಷ್ಯ ಮಾತಾಡ್ಬೇಕು” ಎಂದಳು. ಸಂಜೆ ಮಾತಾಡೋಣ ಎಂದು ಓಡಿದೆ. ಸಂಜೆ ನಾನು ಬಂದಾಗ ಅವಳಿಲ್ಲ, ಅವಳು ಬಂದಾಗ ನಾನು ಗೊರಕೆ. ಹೀಗೇ ವಾರ ಉರುಳಿತು. ನನ್ನ ತಲೆಗೆ ಹುಳ ಬಿಟ್ಟಂತಾಯಿತು. ಫೇಲಾದಳೇ? ಯಾರಾದರೂ ಹುಡುಗನೇ? ಹೆಂಡತಿಯನ್ನು ಕೇಳಿದರೆ, ತನಗೂ ಹೇಳಿಲ್ಲ, ಹೇಳೋಣ ಅಂದರೆ ಈ ಮನೆಯಲ್ಲಿ ಯಾರು ಕೈಗೆ ಸಿಗುತ್ತಾರೆ ಎಂದು ನನ್ನ ಮೇಲೆಯೇ ಹರಿಹಾಯ್ದಳು. (ಮೂರು ಮಾತಿಗಿಂತ ಹೆಚ್ಚು ಬರುತ್ತದೆಂದು ಆಗ ತಿಳಿಯಿತು.)

ಆಗ ಹೊಳೆದದ್ದೇ ಭಾನುವಾರದ ಕುಟುಂಬ ಸಹಭೋಜನ ಮಹಾಸಮ್ಮೇಳನ. ನಾನು ರಜೆ ಹಾಕಿದೆ, ಅವಳು ಪಾಳಿ ಬದಲಿಸಿಕೊಂಡಳು. ಕೂತು ಉಣ್ಣುತ್ತಾ ಇದ್ದರೆ ಮಗಳು ತಾನಾಗಿಯೇ ಬಾಯಿ ಬಿಡುತ್ತಾಳೆ ಎಂಬುದು ನನ್ನ ಲೆಕ್ಕಾಚಾರ. ಮಗ ಮಾತ್ರ ಎಷ್ಟು ಹೊತ್ತು ಕೂರಬೇಕು ಎಂದು ಕೇಳಿದ, ಹಲ್ಲು ಕೀಳಿಸಲು ಕರೆದ ಹಾಗೆ.

ನಾಲ್ಕು ಜನಕ್ಕೆ ಅಡುಗೆ ಮಾಡುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಸೌಟಿನಲ್ಲಿ ಉಪ್ಪು ಹಾಕುವ ಕೈ ಚಮಚ ಹಿಡಿದು ಮೂರು ಸಲ ಲೆಕ್ಕ ತಪ್ಪಿತು. ಅಂತೂ ಕೋಳಿ ಬೆಂದಿತು, ಆಲೂಗಡ್ಡೆ ಹುರಿದು ಕೆಂಪಗಾಯಿತು. ಮೇಜಿನ ಮೇಲಿದ್ದ ಬಟ್ಟೆ ರಾಶಿಯನ್ನು ಇಳಿಸಿದಾಗ ಅದು ಊಟದ ಮೇಜೆಂದು ಮಗನಿಗೆ ತಿಳಿದು ಆಶ್ಚರ್ಯವಾಯಿತು.

ನಾಲ್ವರೂ ಕೂತು ತಟ್ಟೆಗೆ ಕೈ ಹಾಕಿದೆವು. ಆಮೇಲೆ ಹೆಂಡತಿ, ಯಾವ ಊರಿಗೆ ಹೋಗಬೇಕೆಂಬುದನ್ನೇ ಮರೆತು ಕಿಂಡಿಯ ಮುಂದೆ ನಿಂತವನೊಬ್ಬನ ಕಥೆ ಹೇಳಿದಳು. ಮಗ ನಕ್ಕು ಫೋನು ಬೋರಲು ಹಾಕಿದ. ಯಾರೂ ಹೇಳದೆಯೇ! ನನ್ನ ಎದೆ ಉಬ್ಬಿತು. ಆಗಲೇ ಮಗಳು ಕೈ ನಿಲ್ಲಿಸಿ, ನನ್ನತ್ತ ತಿರುಗಿ, “ಅಪ್ಪ, ಅವತ್ತು ಹೇಳ್ಬೇಕು ಅಂದಿದ್ನಲ್ಲ...” ಎಂದು ಶುರು ಮಾಡಿದಳು.

ಇಲ್ಲಿ ನನ್ನ ಕಸುಬಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕ್ಯಾಂಟೀನಿನಲ್ಲಿ ಒಂದು ಪಂಕ್ತಿ ಉಣ್ಣುವಾಗಲೇ ಮುಂದಿನದು ತಲೆಯ ಮೇಲೆ ಬಂದು ನಿಂತಿರುತ್ತದೆ. ಆಳು ಸಾಲದ ದಿನ ಪಾಕಶಾಲಾ ಪ್ರಧಾನನೂ ಒರೆಸುವ ಬಟ್ಟೆ ಹಿಡಿಯಬೇಕು. ಯಾರ ಕೈ ನಿಂತಿತೋ ಅವರ ತಟ್ಟೆ ಎತ್ತಬೇಕು. ಅದಕ್ಕೆ ತಲೆ ಓಡಿಸಬೇಕಾಗಿಲ್ಲ, ಕೈಯೇ ಮಾಡಿ ಮುಗಿಸುತ್ತದೆ.

ಮಗಳ ಕೈ ನಿಂತಿತ್ತಲ್ಲ, ನನ್ನ ಕೈ ಹೋಗಿ ಅವಳ ತಟ್ಟೆ ಎತ್ತಿತು. ಅರ್ಧ ಕೋಳಿ ಅದರಲ್ಲೇ ಇತ್ತು. ಇನ್ನೊಂದು ಕೈ ಅವಳ ಮೊಣಕೈ ಸರಿಸಿ ಮೇಜು ಒರೆಸಿತು. ಬಾಯಾದರೂ ಸುಮ್ಮನಿರಬಾರದೇ? “ಬೇಗ ಏಳಿ, ಹಿಂದೆ ಜನ ಕಾಯ್ತಿದಾರೆ” ಎಂದೂ ಅಂದುಬಿಟ್ಟಿತು.

ಮಗ ಹಿಂದೆ ತಿರುಗಿ ನೋಡಿದ. ಅಲ್ಲಿ ಗೋಡೆ ಇತ್ತು.

ನಾಲಿಗೆ ಕಚ್ಚಿಕೊಂಡು ತಟ್ಟೆಯನ್ನು ಮತ್ತೆ ಅವಳ ಮುಂದಿಟ್ಟೆ. ಹೇಳಮ್ಮ, ತಪ್ಪಾಯ್ತು, ಹೇಳು ಎಂದು ಗೋಗರೆದೆ. ಅವಳು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸಿಟ್ಟಾಗಲಿಲ್ಲ.

“ನಾನು ಹಾಸ್ಟೆಲ್ ಸೇರ್ತೀನಿ ಅಪ್ಪ.”

ಕಾಲೇಜು ಇರುವುದು ನಮ್ಮ ಬೀದಿಯ ತುದಿಯಲ್ಲಿ! ಯಾಕೆ, ಓದೋಕೆ ಜಾಗ ಸಾಲದೇ, ನಾವೇನಾದರೂ ಅಂದೆವೇ ಎಂದು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಾಯಿ ಮಾಡಿದೆವು. ಅವಳು ಎಲ್ಲಕ್ಕೂ ಇಲ್ಲ ಎಂದು ತಲೆಯಾಡಿಸಿದಳು.

“ಫ್ರೆಂಡ್ ಜೊತೆ ಅಲ್ಲಿ ಊಟಕ್ಕೆ ಹೋಗಿದ್ದೆ. ಊಟ ಏನೂ ಚೆನ್ನಾಗಿಲ್ಲ. ಆದ್ರೆ ಎಲ್ರೂ ಒಟ್ಟಿಗೆ ಕೂತ್ಕೋತಾರೆ. ಎಲ್ರದೂ ಮುಗಿಯೋವರ್ಗೂ ಯಾರೂ ಏಳಲ್ಲ. ಇವತ್ತೇನಾಯ್ತು ಅಂತ ನನ್ನನ್ನೂ ಕೇಳಿದ್ರು.”

ಬೇಡ ಮಗಳೇ, ಹೋಗಬೇಡ, ನಾನು ಪಾಳಿ ಬದಲಿಸಿಕೊಳ್ಳುತ್ತೇನೆ ಎನ್ನಬೇಕಿತ್ತು. ಅದೇ ಮಾತು ಬಾಯಿಗೆ ಬರುತ್ತಿತ್ತು ಕೂಡ. ಆದರೆ ಚೆನ್ನಾಗಿಲ್ಲದ ಊಟಕ್ಕೆ ಸೋತೆನಲ್ಲ ಎಂಬ ಹೊಟ್ಟೆಕಿಚ್ಚು ಅದನ್ನು ಹಿಂದೆ ತಳ್ಳಿ ಮುಂದೆ ಬಂತು.

“ಅಲ್ಲಿ ಅಡುಗೆ ಮಾಡೋದು ಯಾರು?” ಎಂದು ಕೇಳಿದೆ.

“ಯಾರೋ ಒಬ್ರು ಅಪ್ಪ. ಕತ್ತಲಿರುವಾಗ್ಲೇ ಬಂದ್ಬಿಡ್ತಾರಂತೆ. ಮನೇಲಿ ಅವ್ರಿಗೂ ಮಕ್ಕಳಿದಾರಂತೆ.”

ನಾನು ಬಯಸಿದ್ದಂತೆಯೇ ಅವತ್ತು ಬಹಳ ಹೊತ್ತು ನಮ್ಮ ಮನೆಯಲ್ಲಿ ಯಾರೂ ಮೇಜಿನಿಂದ ಏಳಲಿಲ್ಲ.